ಕ್ಯಾಮಸ್ ಗೆಡ್ಡೆಯೂ ಅದನ್ನು ಅಗೆದ ಸ್ತ್ರೀಯರೂ

ಉತ್ತರ ಅಮೇರಿಕಾ ಖಂಡದ ಮೂಲನಿವಾಸಿಗಳು ಎಂಥವರೆಂದು ಮಕ್ಕಳನ್ನು ಕೇಳಿದರೆ, ಗರಿಗಳ ಕಿರೀಟವನ್ನು ಧರಿಸಿ ಕುದುರೆಯ ಮೇಲೆ ಕೂತು ಬೇಟೆಯಾಡುವ ಪುರುಷರೆಂದು ಕೂಡಲೆ ಉತ್ತರ ಕೊಡುವರು. ಪುಸ್ತಕಗಳಲ್ಲಿ ಅವರು ಕಂಡ ಚಿತ್ರಗಳು ಅಂಥವೇ. ಆದರೆ ಆ ಬೇಟೆಗಾರರ ಮನೆಗಳಲ್ಲಿ ಚಳಿಗಾಲದ ಆರು ತಿಂಗಳು ಮಕ್ಕಳು ಏನನ್ನು ಉಂಡರು, ಅದನ್ನು ಯಾರು ಸಂಪಾದಿಸಿ ಯಾರು ಕೂಡಿಟ್ಟರು ಎಂಬ ಪ್ರಶ್ನೆಯು ಬಹಳ ಮಂದಿಯ ಮನಸ್ಸಿನಲ್ಲಿ ಹುಟ್ಟುವದೇ ಇಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ಮನೆಗಳನ್ನು ನಡಿಸುವವರು, ಕೆಲವರು ಶಾಲೆಗಳಲ್ಲಿ ಕಲಿಸುವವರು. ಆದದರಿಂದ ಈ ಸಂಚಿಕೆಯಲ್ಲಿ ಆ ಪ್ರಶ್ನೆಗೆ ಉತ್ತರವಾದ ಒಂದು ಗಿಡದ ವೃತ್ತಾಂತವನ್ನು ತಮ್ಮ ಮುಂದೆ ಇಡುವದು ಪ್ರಯೋಜನಕರವೆಂದು ನಮಗೆ ತೋರಿತು.

ಆ ಗಿಡದ ಹೆಸರು ಕ್ಯಾಮಸ್. ಅದು ಶಾಂತ ಮಹಾಸಾಗರದ ತೀರದಿಂದ ರಾಕಿ ಪರ್ವತಗಳ ತನಕ, ಈಗ ಒರೆಗಾನ್, ವಾಷಿಂಗ್ಟನ್, ಐಡಾಹೋ, ಮೊಂಟಾನಾ ಎಂಬ ಸಂಸ್ಥಾನಗಳಿರುವ ಸೀಮೆಯಲ್ಲಿಯೂ ಕೆನಡಾ ದೇಶದ ವ್ಯಾಂಕೂವರ್ ದ್ವೀಪದಲ್ಲಿಯೂ ತಾನಾಗಿಯೇ ಬೆಳೆಯುವದು. ಪೂರ್ವದಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ಲಿಲ್ಲಿಯ ಕುಟುಂಬಕ್ಕೆ ಸೇರಿಸಿದ್ದರು. ಈಗಲಾದರೋ ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಶತಾವರಿಯ ಕುಟುಂಬದಲ್ಲಿ ಎಣಿಸುತ್ತಾರೆ. ಅದರ ಎಲೆಗಳು ಹುಲ್ಲಿನಂತೆ ಉದ್ದವಾಗಿಯೂ ಕಿರಿದಾಗಿಯೂ ಇರುವವು. ವಸಂತಕಾಲದಲ್ಲಿ ನಡುವಿನಿಂದ ಒಂದು ದಂಟು ಎದ್ದು, ಆರು ದಳಗಳುಳ್ಳ ನೀಲಿ ಹೂವುಗಳನ್ನು ಬಿಡುವದು. ಮಣ್ಣಿನೊಳಗೆ ಸಣ್ಣ ನೀರುಳ್ಳಿಯನ್ನು ಹೋಲುವ ಬಿಳಿಯ ಗೆಡ್ಡೆ ಇರುವದು. ಈ ಗೆಡ್ಡೆಯೇ ಆ ಸೀಮೆಯ ಅನೇಕ ಜನಾಂಗಗಳಿಗೆ ನಮ್ಮ ರಾಗಿ ಅಕ್ಕಿಗಳ ಸ್ಥಾನದಲ್ಲಿತ್ತು.

ಅವರೊಳಗೆ ಮುಖ್ಯರಾದವರು ಐಡಾಹೋ ಸೀಮೆಯ ನಿಮೀಪೂ ಜನರು. ಫ್ರೆಂಚರು ಇಟ್ಟ ನೆಜ್ ಪರ್ಸ್ ಎಂಬ ಹೆಸರಿನಿಂದ ಲೋಕವು ಇವರನ್ನು ಹೆಚ್ಚಾಗಿ ಬಲ್ಲದು. ಪಶ್ಚಿಮದ ವಿಲಾಮೆಟ್ ಕಣಿವೆಯಲ್ಲಿ ಕಲಪೂಯಾ ಜನರೂ, ದಕ್ಷಿಣ ಐಡಾಹೋವಿನಲ್ಲಿ ಬ್ಯಾನಕ್ ಮತ್ತು ಶೋಶೋನೀ ಜನರೂ, ವ್ಯಾಂಕೂವರ್ ದ್ವೀಪದಲ್ಲಿ ಸಾಂಗೀಸ್ ಮುಂತಾದ ಸೇಲಿಶ್ ಜನರೂ ಇದೇ ಗೆಡ್ಡೆಯನ್ನು ಆಶ್ರಯಿಸಿಕೊಂಡಿದ್ದರು. ನದಿಗಳ ಸಾಲ್ಮನ್ ಮೀನು ಗಂಡಸರ ಬಲೆಗೆ ಸೇರಿದ್ದಾಗಿತ್ತು. ನೆಲದ ಕ್ಯಾಮಸ್ ಹೆಂಗಸರ ಕೈಗೆ ಸೇರಿದ್ದಾಗಿತ್ತು.

ಅಗೆಯುವ ಕೆಲಸವು ಹೀಗೆ ನಡೆಯುತ್ತಿತ್ತು. ಹೂವು ಬಿಡುವ ಕಾಲದಲ್ಲಿಯೋ ಬಾಡಿ ಬೀಜ ಕಟ್ಟುವ ಕಾಲದಲ್ಲಿಯೋ ಕುಟುಂಬಗಳು ಗುಡಾರಗಳ ಸಹಿತವಾಗಿ ಹುಲ್ಲುಗಾವಲುಗಳಿಗೆ ಬರುತ್ತಿದ್ದವು. ಅಜ್ಜಿ, ತಾಯಿ, ಮಗಳು ಮೂವರೂ ಒಂದೇ ಸಾಲಿನಲ್ಲಿ ಅಗೆಯುವರು. ಗಟ್ಟಿ ಮರದ ಮೊನಚಾದ ಕೋಲೊಂದು, ಅದರ ತಲೆಗೆ ಅಡ್ಡಲಾಗಿ ಜಿಂಕೆಯ ಕೊಂಬಿನ ಹಿಡಿ, ಇದೇ ಅವರ ಉಪಕರಣ. ಕೋಲನ್ನು ಬೇರಿನ ಪಕ್ಕದಲ್ಲಿ ಊರಿ, ಮಣ್ಣಿನ ಹೆಂಟೆಯನ್ನು ಮೇಲಕ್ಕೆತ್ತಿ, ದೊಡ್ಡ ಗೆಡ್ಡೆಗಳನ್ನು ಆರಿಸಿ ಬುಟ್ಟಿಗೆ ಹಾಕಿ, ಚಿಕ್ಕವುಗಳನ್ನು ತಿರಿಗಿ ಅದೇ ಕುಳಿಯಲ್ಲಿ ಮುಚ್ಚುವರು. ಬೀಜದಿಂದ ಹುಟ್ಟಿದ ಸಸಿಯು ಹೂಬಿಡಲಿಕ್ಕೆ ಮೂರು ನಾಲ್ಕು ವರುಷಗಳಾದರೂ ಬೇಕು. ಆದದರಿಂದ ಈ ವರುಷ ಚಿಕ್ಕದನ್ನು ಕಿತ್ತವಳು ಮುಂದಿನ ವರುಷಗಳ ಆಹಾರವನ್ನು ಕಿತ್ತಂತೆ. ಕೋಲಿನಿಂದ ಸಡಿಲವಾದ ಮಣ್ಣಿನಲ್ಲಿ ಉದುರಿದ ಬೀಜವು ಚೆನ್ನಾಗಿ ಬೇರೂರುತ್ತಿತ್ತು. ಪ್ರತಿ ವರುಷ ಅಗೆದರೂ ಗೆಡ್ಡೆಯು ತೀರದೆ ಇದ್ದದಕ್ಕೆ ಕಾರಣವು ಇದೇ.

ಈ ಕೆಲಸಕ್ಕೆ ಕಣ್ಣಿನ ಶಿಕ್ಷಣವೂ ಅವಶ್ಯವಾಗಿತ್ತು. ಯಾಕಂದರೆ ಅದೇ ಹುಲ್ಲುಗಾವಲಿನಲ್ಲಿ ಮರಣ-ಕ್ಯಾಮಸ್ ಎಂದು ಕರೆಯಲ್ಪಡುವ ಇನ್ನೊಂದು ಗಿಡವಿರುವದು. ಅದರ ಹೂವು ಬೆಳ್ಳಗೆ, ಸ್ವಲ್ಪ ಹಳದಿ ಮಿಶ್ರವಾಗಿರುವದು. ಗೆಡ್ಡೆಯಾದರೋ ಒಳ್ಳೆಯದರ ಹಾಗೆಯೇ. ತಿಂದವರು ಸಾಯುವಷ್ಟು ವಿಷವು ಅದರಲ್ಲಿ ಉಂಟು. ಹೂವು ಉದುರಿಹೋದ ಮೇಲೆ ಎರಡನ್ನು ವಿಂಗಡಿಸುವದು ಕಷ್ಟ. ಆದಕಾರಣ ಹೂವಿರುವಾಗಲೇ ಬಿಳಿಯ ಗಿಡಗಳನ್ನು ಗುರುತಿಸಿ ಕಿತ್ತುಹಾಕುತ್ತಿದ್ದರು. ಇದನ್ನು ಕಲಿಯುವದಕ್ಕೆ ಗ್ರಂಥವಿರಲಿಲ್ಲ. ಹುಡುಗಿಯು ಹೂವಿನ ಕಾಲದಲ್ಲಿ ತನ್ನ ಅಜ್ಜಿಯ ಪಕ್ಕದಲ್ಲಿ ಬೊಗ್ಗಿ ನಿಂತಿರಬೇಕು, ಅಷ್ಟೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವದು.

ಅಡಿಗೆಯ ಕ್ರಮವು ನಮ್ಮ ಗೃಹಿಣಿಯರಿಗೆ ವಿಶೇಷವಾಗಿ ರುಚಿಸೀತು. ಹಸಿ ಗೆಡ್ಡೆಯಲ್ಲಿ ಗೆಣಸಿನಲ್ಲಿರುವಂಥ ಹಿಟ್ಟಿನ ಅಂಶವಿಲ್ಲ. ಇನುಲಿನ್ ಎಂಬ, ಮನುಷ್ಯನ ಜಠರಕ್ಕೆ ಜೀರ್ಣವಾಗದ ವಸ್ತು ಅದರಲ್ಲಿರುವದು. ಬಹಳ ಹೊತ್ತು ತೇವದಲ್ಲಿ ಬೆಂದರೆ ಇದು ಹಣ್ಣಿನ ಸಕ್ಕರೆಯಾಗಿ ಮಾರ್ಪಡುವದು. ರಸಾಯನಶಾಸ್ತ್ರದ ಹೆಸರುಗಳನ್ನರಿಯದ ಆ ಸ್ತ್ರೀಯರು ಕೆಲಸವನ್ನು ಮಾತ್ರ ಪೂರ್ಣವಾಗಿ ಅರಿತಿದ್ದರು. ದೊಡ್ಡ ಕುಳಿಯನ್ನು ತೋಡಿ, ಅದರಲ್ಲಿ ಬೆಂಕಿಯಿಂದ ಕಲ್ಲುಗಳನ್ನು ಕೆಂಪಗೆ ಕಾಯಿಸಿ, ಮೇಲೆ ಒದ್ದೆ ಹುಲ್ಲನ್ನೂ ಸೊಪ್ಪನ್ನೂ ಹಾಸಿ, ಅದರ ಮೇಲೆ ಗೆಡ್ಡೆಗಳನ್ನು ರಾಶಿಹಾಕಿ, ತಿರಿಗಿ ಹುಲ್ಲು ಹಾಸಿ ಮಣ್ಣಿನಿಂದ ಮುಚ್ಚುವರು. ನಾವು ಕಡುಬನ್ನು ಹಬೆಯಲ್ಲಿ ಬೇಯಿಸುವ ಹಾಗೆಯೇ, ಆದರೆ ಒಂದರಿಂದ ಮೂರು ದಿವಸಗಳ ತನಕ. ಕುಳಿಯನ್ನು ತೆರೆಯುವಾಗ ಬಿಳಿಯ ಗೆಡ್ಡೆಗಳು ಕಪ್ಪಾಗಿಯೂ ಮೃದುವಾಗಿಯೂ ಅಂಜೂರದ ಹಣ್ಣಿನಂತೆ ಸಿಹಿಯಾಗಿಯೂ ಇರುವವು. ಕೆಲವನ್ನು ಆಗಲೇ ತಿಂದು, ಉಳಿದವುಗಳನ್ನು ಜಜ್ಜಿ ರೊಟ್ಟಿಗಳಾಗಿ ತಟ್ಟಿ ಒಣಗಿಸಿ ಚಳಿಗಾಲಕ್ಕೆ ಇಡುವರು. ಒಣ ಮೀನನ್ನು ಬಿಟ್ಟರೆ ಆ ಸೀಮೆಯಲ್ಲಿ ಇದರಷ್ಟು ದೂರಕ್ಕೆ ಹೋದ ವ್ಯಾಪಾರದ ಪದಾರ್ಥವು ವಿರಳ.

ನೆಲದ ಆರೈಕೆಯೂ ನಡೆಯುತ್ತಿತ್ತು. ವಿಲಾಮೆಟ್ ಕಣಿವೆಯಲ್ಲಿ ಕಲಪೂಯಾ ಜನರು ಬೇಸಗೆಯ ಕೊನೆಯಲ್ಲಿ ಹುಲ್ಲುಗಾವಲುಗಳಿಗೆ ಬೆಂಕಿಯಿಟ್ಟು ಒಣಹುಲ್ಲನ್ನೂ ಪೊದೆಗಳನ್ನೂ ಸುಡುವರು. ಆ ಹೊತ್ತಿಗೆ ಕ್ಯಾಮಸ್ ಎಲೆಗಳು ಒಣಗಿ, ಗೆಡ್ಡೆಯು ಮಣ್ಣಿನ ಕೆಳಗೆ ಸುರಕ್ಷಿತವಾಗಿ ಮಲಗಿರುವದರಿಂದ ಅದಕ್ಕೆ ಕೇಡಿಲ್ಲ. ವಸಂತದಲ್ಲಿ ಬಯಲು ತೆರೆದಿದ್ದು ಬಿಸಿಲು ಚೆನ್ನಾಗಿ ಬೀಳುವದು. ವ್ಯಾಂಕೂವರ್ ದ್ವೀಪದಲ್ಲಿ ಒಂದೊಂದು ತುಂಡು ನೆಲವು ಒಂದೊಂದು ಕುಟುಂಬಕ್ಕೆ ಸೇರಿ, ಹಿರಿಯರಿಂದ ಕಿರಿಯರಿಗೆ ಬರುತ್ತಿತ್ತು. ಕಲ್ಲುಗಳನ್ನೂ ಕಳೆಗಳನ್ನೂ ಅದರಿಂದ ತೆಗೆಯುತ್ತಿದ್ದರು. ಹೀಗೆ ನೋಡಿದರೆ ಅದು ಕಾಡು ಎನ್ನುವದಕ್ಕಿಂತ ತೋಟ ಎನ್ನುವದೇ ಸರಿ. ಆದರೆ ಆ ತೋಟಕ್ಕೆ ಬೇಲಿ ಇರಲಿಲ್ಲ, ನೇಗಿಲ ಗೆರೆ ಇರಲಿಲ್ಲ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಒಡೆಯನಿಲ್ಲದ ಹುಲ್ಲುಗಾವಲಾಗಿಯೇ ತೋರಿತು. ಮುಂದೆ ಬಂದ ಕಷ್ಟಗಳಿಗೆಲ್ಲಾ ಈ ತಪ್ಪು ನೋಟವು ಒಂದು ದೊಡ್ಡ ಕಾರಣವಾಯಿತು.

ಮೊದಲು ಬಂದ ಬಿಳಿಯರಿಗೆ ಆ ಗೆಡ್ಡೆಯು ಪ್ರಾಣವನ್ನೇ ಉಳಿಸಿತು. ಲೂಯಿಸ್, ಕ್ಲಾರ್ಕ್ ಎಂಬ ನಾಯಕರ ದಂಡು ೧೮೦೫ನೆಯ ಇಸವಿಯ ಸಪ್ಟಂಬರ ತಿಂಗಳಲ್ಲಿ ಹಸಿವೆಯಿಂದ ಬಳಲಿ ಹಿಮದ ಬೆಟ್ಟಗಳನ್ನು ಇಳಿದು ವೀಪ್ ಎಂಬ ಬಯಲಿಗೆ ಬಂದಾಗ, ಅಲ್ಲಿ ಕ್ಯಾಮಸ್ ಅಗೆಯುತ್ತಿದ್ದ ನಿಮೀಪೂ ಜನರು ಅವರಿಗೆ ಗೆಡ್ಡೆಯನ್ನೂ ಒಣ ಮೀನನ್ನೂ ಕೊಟ್ಟರು. ಬರಿಹೊಟ್ಟೆಯಲ್ಲಿ ಅತಿಯಾಗಿ ತಿಂದು ಅವರು ಕಾಯಿಲೆ ಬಿದ್ದರೆಂಬದೂ ಸತ್ಯವೇ. ಈ ಪರದೇಶಿಗಳನ್ನು ಕೊಲ್ಲೋಣವೆಂದು ಕೆಲವರು ಆಲೋಚಿಸಿದಾಗ, ವಾಟ್ಕುವೈಸ್ ಎಂಬ ಮುದುಕಿಯು ತಾನು ಸೆರೆಯಾಗಿದ್ದ ಕಾಲದಲ್ಲಿ ಬಿಳಿಯರು ತನಗೆ ದಯೆ ತೋರಿಸಿದ್ದರೆಂದು ಹೇಳಿ ತಡೆದಳೆಂಬದಾಗಿ ಆ ಜನಾಂಗದವರು ಇಂದಿಗೂ ಹೇಳುತ್ತಾರೆ. ಮರುವರುಷ ೧೮೦೬ರ ಜೂನ್ ತಿಂಗಳಲ್ಲಿ ಅದೇ ಬಯಲನ್ನು ಹೂವಿನ ಕಾಲದಲ್ಲಿ ಕಂಡ ಲೂಯಿಸನು, ದೂರದಿಂದ ಅದನ್ನು ತಿಳಿನೀರಿನ ಕೆರೆಯೆಂದೇ ಭ್ರಮಿಸಬಹುದಾಗಿತ್ತೆಂದು ತನ್ನ ದಿನಚರಿಯಲ್ಲಿ ಬರೆದಿಟ್ಟನು.

ನಾಲ್ವತ್ತು ವರುಷಗಳು ಕಳೆಯುವದರೊಳಗೆ ಸ್ಥಿತಿಯು ಬದಲಾಯಿತು. ೧೮೩೦ರಿಂದ ಕೆಲವು ವರುಷಗಳ ತನಕ ವಿಲಾಮೆಟ್ ಕಣಿವೆಯಲ್ಲಿ ಚಳಿಜ್ವರವು ಹಬ್ಬಿ ಕಲಪೂಯಾ ಜನರಲ್ಲಿ ಬಹುಪಾಲು ಮಂದಿಯನ್ನು ಕೊಂದಿತು. ೧೮೪೦ರ ತರುವಾಯ ಪೂರ್ವದಿಂದ ಗಾಡಿಗಳ ಸಾಲುಗಳಲ್ಲಿ ವಲಸೆಗಾರರು ಬಂದರು. ೧೮೫೦ರ ಕಾನೂನಿನ ಪ್ರಕಾರ ಅಲ್ಲಿ ನೆಲಸಿದ ಬಿಳಿಯ ದಂಪತಿಗಳಿಗೆ ೬೪೦ ಎಕರೆಗಳ ತನಕ ಭೂಮಿಯು ಧರ್ಮಕ್ಕೆ ದೊರಕಿತು. ಮೂಲನಿವಾಸಿಗಳೊಡನೆ ಒಪ್ಪಂದವಾಗಿ ಮುಗಿಯುವದಕ್ಕೆ ಮೊದಲೇ ಅವರ ಭೂಮಿಯನ್ನು ಹಂಚಲಾಯಿತು. ಉಳಿದ ಕಲಪೂಯಾ ಜನರನ್ನು ೧೮೫೬ರಲ್ಲಿ ಗ್ರ್ಯಾಂಡ್ ರೋಂಡ್ ಎಂಬ ಮೀಸಲು ಸ್ಥಳಕ್ಕೆ ಸಾಗಿಸಿದರು.

ವಲಸೆಗಾರರು ಗೆಡ್ಡೆಯನ್ನು ನಾಶಮಾಡಬೇಕೆಂದು ಬಂದವರಲ್ಲ. ಅವರ ಹಂದಿಗಳು ಅದನ್ನು ನಾಶಮಾಡಿದವು. ಸ್ತ್ರೀಯರು ದೊಡ್ಡದನ್ನು ಆರಿಸಿ ಚಿಕ್ಕದನ್ನು ಮುಚ್ಚುತ್ತಿದ್ದರು. ಹಂದಿಯು ಮೂತಿಯಿಂದ ಉತ್ತು ಎರಡನ್ನೂ ತಿಂದುಬಿಡುತ್ತಿತ್ತು. ದನಗಳು ಎಲೆಯನ್ನು ಮೇದು ಒದ್ದೆ ನೆಲವನ್ನು ತುಳಿದು ಗಟ್ಟಿಮಾಡಿದವು. ಕ್ಯಾಮಸ್ ಗಿಡಕ್ಕೆ ವಸಂತದಲ್ಲಿ ನೀರು ನಿಲ್ಲುವ, ಬೇಸಗೆಯಲ್ಲಿ ಒಣಗುವ ನೆಲ ಬೇಕು. ಅಂಥಾ ನೆಲದಿಂದ ಕಾಲುವೆ ತೋಡಿ ನೀರನ್ನು ಹರಿಯಬಿಟ್ಟು ಗೋಧಿಯನ್ನೂ ಮೇವಿನ ಹುಲ್ಲನ್ನೂ ಬಿತ್ತಿದರು. ಬೆಂಕಿಯಿಡುವದನ್ನು ನಿಲ್ಲಿಸಿದ್ದರಿಂದ ಉಳಿದ ಬಯಲುಗಳಲ್ಲಿ ಮರಗಳು ಹಬ್ಬಿ ನೆರಳಾಯಿತು. ಹೀಗೆ ನಾಲ್ಕು ಕಡೆಗಳಿಂದಲೂ ಗಿಡಕ್ಕೆ ಇಕ್ಕಟ್ಟು ಬಂತು.

ಕಾಗದದ ಮೂಲಕವೂ ನಷ್ಟವಾಯಿತು. ವ್ಯಾಂಕೂವರ್ ದ್ವೀಪದಲ್ಲಿ ೧೮೪೩ರಲ್ಲಿ ಹಡ್ಸನ್ಸ್ ಬೇ ಕಂಪೆನಿಯವರು ವಿಕ್ಟೋರಿಯಾ ಕೋಟೆಯನ್ನು ಕಟ್ಟಿದ್ದು ಸಾಂಗೀಸ್ ಜನರ ಕ್ಯಾಮಸ್ ಬಯಲುಗಳ ಮಧ್ಯದಲ್ಲಿ. ೧೮೫೦ರಲ್ಲಿ ಜೇಮ್ಸ್ ಡಗ್ಲಸ್ ಎಂಬವನು ಮಾಡಿಸಿದ ಒಪ್ಪಂದಗಳಲ್ಲಿ ಗ್ರಾಮಸ್ಥಳಗಳೂ ಬೇಲಿ ಹಾಕಿದ ಹೊಲಗಳೂ ಮೂಲನಿವಾಸಿಗಳಿಗೇ ಇರತಕ್ಕವೆಂದು ಬರೆಯಲ್ಪಟ್ಟಿತು. ಬೇಲಿಯಿಲ್ಲದ ಕ್ಯಾಮಸ್ ತೋಟಗಳು ಹೊಲಗಳೆಂಬ ಎಣಿಕೆಗೆ ಬರಲಿಲ್ಲ.

ನಿಮೀಪೂ ಜನರ ಸಂಗತಿಯಲ್ಲಿ ಮಿಶನಿನ ಹೆಸರು ಬರುವದರಿಂದ, ಮಿಶನ್ ಶಾಲೆಯಲ್ಲಿ ಕಲಿತು ಅಂಥಾದರಲ್ಲಿಯೇ ಕಲಿಸುವ ನಾವು ಅದನ್ನು ಮರೆಮಾಡದೆ ಹೇಳುವದು ಯುಕ್ತ. ಹೆನ್ರಿ ಸ್ಪಾಲ್ಡಿಂಗ್, ಅವರ ಪತ್ನಿ ಎಲೈಜಾ ಎಂಬವರು ೧೮೩೬ರಲ್ಲಿ ಲ್ಯಾಪ್ವಾಯ್ ಎಂಬಲ್ಲಿ ಮಿಶನನ್ನು ಸ್ಥಾಪಿಸಿದರು. ಎಲೈಜಾ ಅಮ್ಮನವರು ಸ್ತ್ರೀಯರಿಗೂ ಮಕ್ಕಳಿಗೂ ಪಾಠ ಹೇಳಿದರು. ೧೮೩೯ರಲ್ಲಿ ಹವಾಯಿ ದ್ವೀಪದಿಂದ ಅಚ್ಚುಯಂತ್ರವು ಬಂದು ಆ ಜನರ ಸ್ವಂತ ಭಾಷೆಯಲ್ಲಿ ಪುಸ್ತಕವು ಅಚ್ಚಾಯಿತು. ಇದು ಸ್ಮರಣಾರ್ಹವಾದ ಉಪಕಾರವೇ. ಅದೇ ಸಮಯದಲ್ಲಿ ಬೇರು ಅಗೆಯುತ್ತಾ ತಿರುಗಾಡುವದನ್ನು ಬಿಟ್ಟು, ಒಂದೇ ಸ್ಥಳದಲ್ಲಿ ನಿಂತು ಉತ್ತು ಬಿತ್ತುವದೇ ಯೋಗ್ಯವಾದ ಬಾಳೆಂದು ಉಪದೇಶವೂ ನಡೆಯಿತು. ಓದನ್ನು ಕೊಟ್ಟ ಕೈಯೇ ಅಗೆಯುವ ಕೋಲನ್ನು ಕೀಳೆಂದು ತೋರಿಸಿತು. ಎರಡೂ ನಿಜವೇ, ಒಂದನ್ನು ಹೇಳಿ ಒಂದನ್ನು ಬಿಡುವದು ಚರಿತ್ರೆಯಾಗಲಾರದು.

೧೮೫೫ರಲ್ಲಿ ಸರಕಾರದವರು ನಿಮೀಪೂ ಜನರೊಡನೆ ಒಪ್ಪಂದ ಮಾಡಿ ಸುಮಾರು ೭೫ ಲಕ್ಷ ಎಕರೆಗಳನ್ನು ಅವರಿಗೆ ಬಿಟ್ಟರು. ಅದರ ಹೊರಗೂ ಯಾರೂ ಹಕ್ಕು ಸಾಧಿಸದ ತೆರೆದ ಭೂಮಿಯಲ್ಲಿ ಬೇರು, ಹಣ್ಣುಗಳನ್ನು ಕೂಡಿಸಬಹುದೆಂದು ಬರೆಯಲ್ಪಟ್ಟಿತು. ಇದು ದೊಡ್ಡ ಅನುಗ್ರಹವಾಗಿ ತೋರಬಹುದು. ಆದರೆ ಒಬ್ಬ ವಲಸೆಗಾರನು ಬಂದು ಬೇಲಿ ಹಾಕಿದೊಡನೆ ಆ ಭೂಮಿಯು ತೆರೆದದ್ದಲ್ಲ. ೧೮೬೦ರಲ್ಲಿ ಅವರ ಸೀಮೆಯಲ್ಲಿ ಚಿನ್ನ ಸಿಕ್ಕಿತು. ೧೮೬೩ರ ಎರಡನೆಯ ಒಪ್ಪಂದದಲ್ಲಿ ಮೀಸಲು ಭೂಮಿಯು ಹತ್ತರಲ್ಲಿ ಒಂದಂಶಕ್ಕೆ ಇಳಿಯಿತು. ಅನೇಕ ಮುಖಂಡರು ಅದಕ್ಕೆ ಸಹಿಹಾಕಲಿಲ್ಲ. ೧೮೭೭ರ ಮೇ ತಿಂಗಳಲ್ಲಿ ಅವರೆಲ್ಲರೂ ೩೦ ದಿವಸಗಳೊಳಗೆ ಮೀಸಲು ಸ್ಥಳಕ್ಕೆ ಬರಬೇಕೆಂದು ಆಜ್ಞೆಯಾಯಿತು. ಆಜ್ಞೆಗೆ ಒಳಪಟ್ಟು ಬರುತ್ತಾ ಅವರು ಕೊನೆಯದಾಗಿ ಕ್ಯಾಮಸ್ ಪ್ರೇರಿ ಎಂಬ ಬಯಲಿನ ಅಂಚಿನಲ್ಲಿ ಇಳಿದರು. ಸ್ತ್ರೀಯರು ಗೆಡ್ಡೆ ಅಗೆದರು. ಅಲ್ಲಿಂದಲೇ ಕೋಪಗೊಂಡ ಕೆಲವು ಯುವಕರು ಹೊರಟು ವಲಸೆಗಾರರನ್ನು ಕೊಂದದ್ದರಿಂದ ಯುದ್ಧವು ಹತ್ತಿತು. ಹೆಂಗಸರು ಮಕ್ಕಳ ಸಹಿತವಾಗಿ ಸಾವಿರಕ್ಕೂ ಹೆಚ್ಚು ಮೈಲುಗಳ ತನಕ ಓಡಿ, ಕೆನಡಾದ ಗಡಿಯ ಸಮೀಪದಲ್ಲಿ ಅಕ್ಟೋಬರ ೫ರಲ್ಲಿ ಮುಖಂಡನಾದ ಜೋಸೆಫನು ಶರಣಾದನು. ೧೮೮೫ರ ತನಕ ಅವರು ದೂರದ ಬಿಸಿ ಸೀಮೆಯಲ್ಲಿ ಗಡೀಪಾರಾಗಿದ್ದರು. ಅಲ್ಲಿ ಅನೇಕ ಮಕ್ಕಳು ಸತ್ತರು.

ಬ್ಯಾನಕ್ ಜನರಿಗೆ ಆದದ್ದನ್ನು ಕೇಳಿದರೆ ಅಕ್ಷರ ಕಲಿಸುವವರಿಗೆ ನಡುಕ ಹುಟ್ಟುವದು. ದಕ್ಷಿಣ ಐಡಾಹೋವಿನಲ್ಲಿಯೂ ಕ್ಯಾಮಸ್ ಪ್ರೇರಿ ಎಂಬ ಇನ್ನೊಂದು ಬಯಲುಂಟು. ೧೮೬೮ರ ಫೋರ್ಟ್ ಬ್ರಿಜರ್ ಒಪ್ಪಂದದಲ್ಲಿ ಅದರ ಒಂದು ಭಾಗವು ಅವರ ಮೀಸಲಿಗೆ ಸೇರತಕ್ಕದ್ದಾಗಿತ್ತು. ಬರಹದಲ್ಲಿ "ಕ್ಯಾಮಸ್" ಎಂಬದು "ಕ್ಯಾನ್ಸಸ್" ಎಂದಾಯಿತು. ಕ್ಯಾನ್ಸಸ್ ಎಂಬದು ಬಹು ದೂರದಲ್ಲಿರುವ ಬೇರೊಂದು ಸಂಸ್ಥಾನ. ಬಯಲನ್ನು ಅವರಿಗಾಗಿ ಯಾರೂ ಅಳತೆಮಾಡಿ ಪ್ರತ್ಯೇಕಿಸಲಿಲ್ಲ. ವಲಸೆಗಾರರು ದನಗಳನ್ನೂ ಹಂದಿಗಳನ್ನೂ ಅದರಲ್ಲಿ ಬಿಟ್ಟರು. ಫೋರ್ಟ್ ಹಾಲ್ ಮೀಸಲಿನಲ್ಲಿ ಸರಕಾರದಿಂದ ಬರುವ ಆಹಾರವು ಸಾಲದೆ ಹೋಗಿ, ಗೆಡ್ಡೆಗಾಗಿ ಬಂದವರು ಹಂದಿಗಳು ಉತ್ತ ನೆಲವನ್ನು ಕಂಡರು. ೧೮೭೮ರ ಬ್ಯಾನಕ್ ಯುದ್ಧವು ಅಲ್ಲಿಂದಲೇ ಎದ್ದಿತು. ಇಂಥಾ ಅನೇಕ ಯುದ್ಧಗಳನ್ನು ನಡಿಸಿದ ಸೇನಾಪತಿ ಕ್ರುಕನೇ, ಹಸಿವೆಯೂ ಆ ಬಯಲಿನ ನಷ್ಟವೂ ಇದಕ್ಕೆ ಕಾರಣವೆಂದು ಬಹಿರಂಗವಾಗಿ ಹೇಳಿದನು.

ಯುದ್ಧಗಳು ಮುಗಿದ ಮೇಲೆ ಶಾಂತ ರೀತಿಯಲ್ಲಿ ಉಳಿದ ಕೆಲಸವಾಯಿತು. ೧೮೮೭ರ ಕಾನೂನಿನಂತೆ ಮೀಸಲು ಭೂಮಿಯನ್ನು ತುಂಡುತುಂಡಾಗಿ ಒಬ್ಬೊಬ್ಬರ ಹೆಸರಿಗೆ ಹಂಚಲಿಕ್ಕೆ ೧೮೮೯ರಲ್ಲಿ ಆಲಿಸ್ ಫ್ಲೆಚರ್ ಎಂಬ ವಿದ್ವಾಂಸಳು ನಿಮೀಪೂ ಜನರ ಬಳಿಗೆ ಬಂದಳು. ಅವರ ಹಿತವನ್ನು ಬಯಸಿಯೇ ಬಂದಳು. ಹಂಚಿ ಮಿಕ್ಕಿತೆಂದು ಎಣಿಸಲ್ಪಟ್ಟ ಸುಮಾರು ಐದು ಲಕ್ಷ ಎಕರೆಗಳು ೧೮೯೫ರಲ್ಲಿ ವಲಸೆಗಾರರಿಗೆ ತೆರೆಯಲ್ಪಟ್ಟವು. ೧೮೭೯ರಲ್ಲಿ ಕಾರ್ಲೈಲ್ ಎಂಬಲ್ಲಿ ತೆರೆದ ಶಾಲೆಯ ಮಾದರಿಯಲ್ಲಿ ಸರಕಾರವೂ ಸಭೆಗಳೂ ಅನೇಕ ವಸತಿಶಾಲೆಗಳನ್ನು ನಡಿಸಿದವು. ಮಕ್ಕಳು ಮಾತೃಭಾಷೆಯನ್ನಾಡುವದು ನಿಷೇಧವಾಗಿತ್ತು. ಹೂವಿನ ಕಾಲದಲ್ಲಿ ಹುಡುಗಿಯು ಅಜ್ಜಿಯ ಪಕ್ಕದಲ್ಲಿ ನಿಂತಿರಬೇಕೆಂದು ನಾವು ಹಿಂದೆ ಹೇಳಿದೆವಲ್ಲವೇ? ಆ ತಿಂಗಳುಗಳಲ್ಲಿ ಅವಳು ದೂರದ ವಸತಿಗೃಹದಲ್ಲಿ ಬಟ್ಟೆ ಇಸ್ತ್ರಿಮಾಡುವದನ್ನು ಕಲಿಯುತ್ತಿದ್ದಳು. ನೀಲಿ ಹೂವನ್ನೂ ಬಿಳಿ ಹೂವನ್ನೂ ವಿಂಗಡಿಸಲರಿಯದವಳು ಗೆಡ್ಡೆಯನ್ನು ಧೈರ್ಯದಿಂದ ಅಗೆಯುವದು ಹೇಗೆ? ಗಿಡವು ಉಳಿದ ಸ್ಥಳಗಳಲ್ಲಿಯೂ ಅದರ ಜ್ಞಾನವು ಹೀಗೆ ಕಡಿಮೆಯಾಗುತ್ತಾ ಬಂತು.

ಪೂರ್ಣವಾಗಿ ನಾಶವಾಗಲಿಲ್ಲವೆಂಬದು ಸಂತೋಷದ ಸಂಗತಿ. ಕೆನಡಾದ ಪಶ್ಚಿಮದಲ್ಲಿ ಕ್ಯಾಮಸ್ ಬೆಳೆಯುವ ಓಕ್ ಬಯಲುಗಳಲ್ಲಿ ನೂರಕ್ಕೆ ೫ ಅಂಶವೂ ಉಳಿದಿಲ್ಲವೆಂದು ಹೇಳುತ್ತಾರೆ. ಆದರೂ ಸಾಂಗೀಸ್ ಸ್ತ್ರೀಯರು ವಿಕ್ಟೋರಿಯಾ ಪಟ್ಟಣದ ಉದ್ಯಾನಗಳಲ್ಲಿಯೂ ಹೊರಗಿನ ಕಳೆಗಳನ್ನು ಕಿತ್ತು ಗೆಡ್ಡೆಯನ್ನು ತಿರಿಗಿ ಬೆಳೆಸಲಿಕ್ಕೆ ತೊಡಗಿದ್ದಾರೆ. ವಿಲಾಮೆಟ್ ಕಣಿವೆಯಲ್ಲಿ ಕೆಲವು ಬಯಲುಗಳಿಗೆ ಕ್ರಮವಾಗಿ ಬೆಂಕಿಯಿಡುವ ಪದ್ಧತಿಯು ಪುನಃ ಆರಂಭವಾಗಿದೆ. ಲೂಯಿಸನು ಕೆರೆಯಂತೆ ಕಂಡ ವೀಪ್ ಬಯಲಿನ ಒಂದು ಭಾಗವು ೧೯೬೫ರಲ್ಲಿ ಸ್ಥಾಪಿತವಾದ ನೆಜ್ ಪರ್ಸ್ ರಾಷ್ಟ್ರೀಯ ಚಾರಿತ್ರಿಕ ಉದ್ಯಾನಕ್ಕೆ ಸೇರಿದೆ. ನಿಮೀಪೂ ಕುಟುಂಬಗಳು ಇಂದಿಗೂ ಗೆಡ್ಡೆ ಅಗೆದು ಕುಳಿಯಲ್ಲಿ ಬೇಯಿಸುತ್ತಾರೆ; ಅಜ್ಜಿಯರು ಮಕ್ಕಳಿಗೆ ತೋರಿಸಿಕೊಡುತ್ತಾರೆ.

ಈ ವೃತ್ತಾಂತದಲ್ಲಿ ದುಷ್ಟರಾದವರು ಕೆಲವರಿದ್ದರು. ಆದರೆ ಹೆಚ್ಚಿನ ನಷ್ಟವು ತಮ್ಮ ಕಣ್ಣಿಗೆ ಬೇಲಿ ಕಾಣಲಿಲ್ಲವಾದದರಿಂದ ತೋಟವಿಲ್ಲವೆಂದುಕೊಂಡವರಿಂದಲೂ, ಓದುಬರಹವಿಲ್ಲದ ಮುದುಕಿಯಲ್ಲಿ ವಿದ್ಯೆಯಿಲ್ಲವೆಂದುಕೊಂಡವರಿಂದಲೂ ಉಂಟಾಯಿತು. ಶಾಲೆಗೆ ಸೇರಿದವರು ಇದನ್ನು ವಿಶೇಷವಾಗಿ ಯೋಚಿಸಬೇಕು. ನಮ್ಮ ಹುಡುಗಿಯರು ಓದಿ ಮುಂದೆ ಬರಲೆಂಬದು ನಮ್ಮೆಲ್ಲರ ಆಶೆ. ಆ ಓದಿಗಾಗಿ ಮನೆಯ ಹಿರಿಯರ ಕೈಕೆಲಸವನ್ನು ಹೀನವಾಗಿ ಕಾಣಬೇಕಾದದ್ದೇನೂ ಇಲ್ಲ.

ಆದದರಿಂದ ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಿಂದ ಒಂದು ಸಣ್ಣ ಕೆಲಸವನ್ನು ಬಯಸುತ್ತೇವೆ. ನಿಮ್ಮ ಅಜ್ಜಿಯೋ ಅತ್ತೆಯೋ ಗದ್ದೆಯ ಬದುವಿನಿಂದಲೂ ಗುಡ್ಡದಿಂದಲೂ ಯಾವ ಸೊಪ್ಪು, ಯಾವ ಗೆಡ್ಡೆ ತರುವರೆಂದೂ, ಒಳ್ಳೆಯದನ್ನು ಕೆಟ್ಟದರಿಂದ ಯಾವ ಗುರುತಿನಿಂದ ಬೇರ್ಪಡಿಸುವರೆಂದೂ, ಎಷ್ಟನ್ನು ಕಿತ್ತು ಎಷ್ಟನ್ನು ಬಿಡುವರೆಂದೂ ಕೇಳಿ, ಅವರ ಮಾತಿನಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡಿರಿ. ಅವರ ಸಂಗಡ ಒಂದು ಸಾರಿ ಹೋಗಿ ನೋಡಿರಿ. ಬರಹ ಮಾತ್ರ ಸಾಲದು. ತಾಯಿತಂದೆಗಳು ರಜೆಯ ದಿನಗಳಲ್ಲಿ ಮಕ್ಕಳನ್ನು ಇದಕ್ಕೆ ಬಿಡಬೇಕೆಂದು ವಿನಯಪೂರ್ವಕವಾಗಿ ಕೇಳಿಕೊಳ್ಳುತ್ತೇವೆ. ಮುಂದಿನ ಸಮ್ಮೇಳನಕ್ಕೆ ಬರುವಾಗ ಆ ಪುಸ್ತಕಗಳನ್ನು ತನ್ನಿರಿ. ಶಾಲೆಯ ಪುಸ್ತಕಾಲಯದಲ್ಲಿ ಅವುಗಳಿಗೆ ಒಂದು ಕಪಾಟನ್ನು ತೆರವು ಮಾಡಿಟ್ಟಿದ್ದೇವೆ.